ಉಪ್ಪು ತೋರಿಸದ ಕಾಗದ

ಕುದಿಯುವ ನೀರಿನಿಂದ ಎತ್ತಿ ತಣ್ಣೀರಿಗೆ ಹಾಕಿದೊಡನೆ ಟೊಮೇಟೊದ ಸಿಪ್ಪೆ ತಾನಾಗಿಯೇ ಬಿರಿದು ಅಂಚಿನಲ್ಲಿ ಸುರುಳಿಯಾಗುತ್ತಿತ್ತು. ಅದನ್ನು ಬೆರಳ ತುದಿಯಿಂದ ಎಳೆದು ತೆಗೆಯುವಾಗಲೆಲ್ಲ ಅವನಿಗೆ ಹೆಂಡತಿಯ ಕತ್ತು ನೆನಪಾಗುತ್ತಿತ್ತು, ನೆನಪಾದದ್ದಕ್ಕೆ ನಾಚಿಕೆಯಾಗುತ್ತಿತ್ತು. ಕಿರಣ ಚಿಕಿತ್ಸೆ ಮುಗಿಯುವ ಹೊತ್ತಿಗೆ ಅವಳ ಕತ್ತಿನ ಚರ್ಮವೂ ಹೀಗೇ ಅಂಚಿನಲ್ಲಿ ಎದ್ದಿತ್ತು. ಈಗ ಅಲ್ಲಿ ಹೊಸ ಚರ್ಮ ಬಂದಿದೆ, ಎಳೆಗೂಸಿನ ಅಂಗಾಲಿನಂತೆ ತೆಳ್ಳಗೆ ಹೊಳೆಯುವ ಚರ್ಮ. ಹೊರಗಿನದು ಕಣ್ಣಿಗೆ ಕಾಣುತ್ತದೆ. ಒಳಗೆ ಗಂಟಲು ಹೇಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಹೇಳಿದಷ್ಟೇ ಗೊತ್ತು. ಬೆಳಗ್ಗೆ ಎದ್ದು ಮುಖ ತೊಳೆಯುವಾಗ ಅವಳು ಸಣ್ಣ ಟಾರ್ಚು ಹಿಡಿದು ಕನ್ನಡಿಯ ಮುಂದೆ ಬಾಯಿ ತೆರೆದು ನಿಲ್ಲುತ್ತಾಳೆ. ಅವನು ಹತ್ತಿರ ಹೋದರೆ ಟಾರ್ಚು ಆರಿಸಿ, ಏನಿಲ್ಲ, ವಾಸಿಯಾಗ್ತಿದೆ, ಎನ್ನುತ್ತಾಳೆ. ಈ ಹೊತ್ತು ಭಾನುವಾರ. ನಾಳೆ ಬೆಳಗ್ಗೆ ಆಸ್ಪತ್ರೆಯಲ್ಲಿ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ. ಕಳೆದ ಸಲಕ್ಕಿಂತ ಇನ್ನೂ ಇಳಿದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕುವುದೇ ದಾರಿ ಎಂದು ಡಾಕ್ಟರು ಹೇಳಿದ್ದರು. ಹೇಳುವಾಗ ಅವಳ ಕಡೆ ನೋಡದೆ ಅವನ ಕಡೆ ನೋಡಿದ್ದರು, ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಬೇಕಾದವನು ಅವನೇ ಎಂಬಂತೆ.

ಒಣಗಿದ್ದು ಕೊಡಬೇಡಿ, ಎಲ್ಲವನ್ನೂ ಯಾವುದಾದರೂ ತೆಳು ಸಾಸಿನಲ್ಲಿ ನೆನೆಸಿ ಕೊಡಿ, ಹೇಗೂ ಬೇಸಿಗೆ, ತಣ್ಣಗೇ ಇರಲಿ ಎಂದು ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿ ಸಲಹೆ ಕೊಟ್ಟಿದ್ದಳು. ಹುಳಿ ಬೇಡ, ಖಾರ ಬೇಡ, ತಿನ್ನುವವರು ಅವರು, ಉಳಿದದ್ದು ಅವರನ್ನೇ ಕೇಳಿ ಎಂದಿದ್ದಳು. ಅದನ್ನು ಅವನು ಅಕ್ಷರಶಃ ಪಾಲಿಸಿದ್ದ. ಅಲ್ಲಿಯವರೆಗೆ ಅಡುಗೆಮನೆಗೆ ನೀರು ಕುಡಿಯಲು ಬಿಟ್ಟರೆ ಬಾರದಿದ್ದವನು ಎರಡು ವಾರದಲ್ಲಿ ಮೂರು ಬಗೆಯ ಸಾಸು ಕಲಿತ. ಟೊಮೇಟೊದ್ದು ಒಂದು, ಪುದೀನ ಮತ್ತು ಸೌತೆಕಾಯಿಯದು ಒಂದು, ಹುಳಿ ಬಾರದ ಗಟ್ಟಿ ಮೊಸರಿಗೆ ಬೆಳ್ಳುಳ್ಳಿ ಅರೆದು ಹಾಕಿದ್ದು ಇನ್ನೊಂದು. ಬೆಂದ ಆಲೂಗಡ್ಡೆ, ಅಂಚು ಕತ್ತರಿಸಿದ ಬ್ರೆಡ್ಡು, ಮೆತ್ತಗೆ ಬೆಂದ ಅನ್ನ, ಯಾವುದಿದ್ದರೂ ಮೇಲೆ ಒಂದು ಸೌಟು. ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಮಕ್ಕಳಿಗೆ ಬ್ಯೂರೆಟ್ಟಿನಿಂದ ಹನಿ ಬಿಡುವುದನ್ನು ಕಲಿಸುತ್ತ ಕೂದಲು ಹಣ್ಣಾದವನು ಅವನು. ಬಾಯಿಯ ಮಾತನ್ನು ನಂಬಿ ಅಡುಗೆ ಮಾಡುವುದು ಅವನಿಗೆ ಒಗ್ಗಲಿಲ್ಲ. ಲ್ಯಾಬಿನಿಂದ ಆಮ್ಲ ಅಳೆಯುವ ಕಾಗದದ ಒಂದು ಕಟ್ಟು ಜೇಬಿನಲ್ಲಿ ಮನೆಗೆ ಬಂತು. ಟೊಮೇಟೊ ಬೆಂದ ಮೇಲೆ ಒಂದು ಪಟ್ಟಿ ಅದ್ದಿ, ಕೆಂಪು ಬಣ್ಣ ಬಂದರೆ ಚಿಟಿಕೆ ಸೋಡಾ ಹಾಕಿ, ನೊರೆ ಇಳಿದ ಮೇಲೆ ಮತ್ತೆ ಅದ್ದಿ, ಪಟ್ಟಿ ಹಸಿರು ಹಳದಿಯ ನಡುವೆ ನಿಂತಾಗ ಅವನಿಗೆ ಎಷ್ಟೋ ಕಾಲದಿಂದ ಆಗಿರದ ಒಂದು ಸಮಾಧಾನ ಆಗಿತ್ತು. ಹುಳಿ ಸತ್ತ ಸಾಸು ಸಪ್ಪೆಯಾಯಿತು. ಅದಕ್ಕೆ ಉಪ್ಪು ಹೆಚ್ಚಿಸಿದ, ಕಾಳುಮೆಣಸಿನ ಒಂದಿಷ್ಟು ಪುಡಿ, ಬೆಳ್ಳುಳ್ಳಿ. ಈಗ ರುಚಿಗೆ ರುಚಿ, ಗಂಟಲಿಗೂ ತಂಪು. ಕಾಗದ ಸುಳ್ಳು ಹೇಳುವುದಿಲ್ಲವಲ್ಲ. ಸ್ಟಾಫ್‌ರೂಮಿನಲ್ಲಿ ಈ ಸುದ್ದಿ ಹೇಗೋ ಹರಡಿ ಅವನಿಗೆ ಸಾಸ್ ಮೇಷ್ಟ್ರು ಎಂದು ಹೆಸರು ಬಿದ್ದಿತ್ತು. ಒಂದು ದಿನ ವಿಭಾಗದ ಮುಖ್ಯಸ್ಥೆ ಎಲ್ಲರ ಮುಂದೆ, ಕಾಗದದ ಕಟ್ಟು ಒಂದು ಕಮ್ಮಿ ಬರ್ತಿದೆಯಲ್ಲ ಮೇಷ್ಟ್ರೇ, ಅದನ್ನೂ ಅರೆದು ಹಾಕ್ತೀರಾ, ಎಂದಿದ್ದಳು. ಎಲ್ಲರೂ ನಕ್ಕರು. ನಗು ಮುಗಿಯುವ ಮೊದಲೇ ಅವನ ಮನೆಯ ಸ್ಥಿತಿ ಅವಳಿಗೆ ನೆನಪಾಗಿ ಮುಖ ಇಳಿಯಿತು, ಒಬ್ಬೊಬ್ಬರೇ ತಟ್ಟನೆ ಬಾಯಿ ಮುಚ್ಚಿದರು. ನಕ್ಕದ್ದನ್ನು ಅವನು ಸಹಿಸಬಲ್ಲವನಾಗಿದ್ದ. ಆ ಬಾಯಿ ಮುಚ್ಚಿಕೊಂಡದ್ದು ಅವನನ್ನು ಮನೆಯವರೆಗೂ ಹಿಂಬಾಲಿಸಿತು.

ಆದರೂ ಅದನ್ನೆಲ್ಲ ಮರೆಸುವಂಥ ಒಂದು ಮಾತು ದಿನಕ್ಕೆರಡು ಹೊತ್ತು ಅವನಿಗೆ ಸಿಗುತ್ತಿತ್ತು. ಅವಳು ಚಮಚವನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ಇದ್ದು ನುಂಗುತ್ತಿದ್ದಳು. ಎದುರಿಗೆ ನಿಂತ ಅವನು, ಹೇಗಿದೆ, ಎನ್ನುತ್ತಿದ್ದ. ಚೆನ್ನಾಗಿದೆ, ಎನ್ನುತ್ತಿದ್ದಳು. ಎರಡನೇ ಚಮಚಕ್ಕೂ ಕೇಳುತ್ತಿದ್ದ. ಅಷ್ಟು ವರ್ಷ ಅವಳು ಮಾಡಿ ಬಡಿಸಿದ್ದನ್ನು ಪತ್ರಿಕೆ ಓದುತ್ತ ಉಂಡು ಎದ್ದು ಹೋದವನು ತಾನು, ಒಂದು ದಿನವೂ ಆ ಮಾತನ್ನು ಅವಳಿಗೆ ಕೊಟ್ಟವನಲ್ಲ ಎಂಬುದು ಈಗ, ತಾನು ಅದಕ್ಕೆ ಕೈಚಾಚಿ ನಿಂತಿರುವಾಗ, ಹೊಳೆದಿತ್ತು. ಹೊಳೆದರೂ ಕೇಳುವುದನ್ನು ಬಿಡಲು ಆಗಿರಲಿಲ್ಲ. ಕೆಲವು ದಿನ ಅವಳು ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಕಿಟಕಿಯ ಕಡೆ ನೋಡುತ್ತ ಎಷ್ಟು ಹೊತ್ತು ಕೂರುತ್ತಿದ್ದಳೆಂದರೆ, ಕೈಯಲ್ಲಿ ಸೌಟು ಹಿಡಿದು ನಿಂತವನಿಗೆ ರೇಗಿ ಹೋಗುತ್ತಿತ್ತು. ಬಿಸಿಲಲ್ಲಿ ಬೆಂದು ಮಾಡಿದ್ದೇನೆ, ಬೇಗ ತಿನ್ನಬಾರದೇ. ಹಾಗೆಂದು ಬಾಯಿ ಬಿಟ್ಟು ಎಂದೂ ಹೇಳಿರಲಿಲ್ಲ. ಸೌಟನ್ನು ಪಾತ್ರೆಯೊಳಗೆ ಸದ್ದಾಗುವಂತೆ ಇಡುತ್ತಿದ್ದ, ಅಷ್ಟೆ. ಸದ್ದಿಗೆ ಅವಳು ಬೆಚ್ಚಿ ಚಮಚ ಎತ್ತಿಕೊಳ್ಳುತ್ತಿದ್ದಳು.

ಬಾಗಿಲ ಬಳಿ ಚಪ್ಪಲಿಯ ಸದ್ದಿನ ಜೊತೆಗೇ ನಾದಿನಿಯ ಧ್ವನಿ ಬಂತು. ಬಸ್ಸು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಂಡಿಯ ಹಿಂದೆ ಕೂತು ಕೂತು ಅವಳಿಗೆ ಮೆಲ್ಲಗೆ ಮಾತಾಡುವುದು ಮರೆತುಹೋಗಿತ್ತು. ಭಾನುವಾರ ಅಕ್ಕನ ಜೊತೆ ಊಟಕ್ಕೆ ಬರುವುದು ಅಕ್ಕನ ಕಾಯಿಲೆಯ ನಂತರ ಮಾಡಿಕೊಂಡ ಅಭ್ಯಾಸ. ಹೊರಗಿನ ಕೋಣೆಯಲ್ಲಿ ಅಕ್ಕನನ್ನು ಮಾತಾಡಿಸಿ, ಒದ್ದೆ ಮಾಡಿದ ಕರವಸ್ತ್ರವನ್ನು ಕತ್ತಿನ ಹಿಂದೆ ಹಾಕಿಕೊಂಡು ನೇರ ಅಡುಗೆಮನೆಗೆ ಬಂದಳು.

"ಏನು ಭಾವ, ಫ್ಯಾಕ್ಟರಿ ಶುರುವಾಗಿಬಿಟ್ಟಿದೆ ಬೆಳಗ್ಗೇನೇ?"

"ಬಾ. ಇನ್ನೇನು ಆಯ್ತು."

"ಅಲ್ಲಾ, ಅಕ್ಕ ಅಡುಗೆ ಮಾಡ್ತಿದ್ದಾಗ ಈ ಕಡೆ ತಲೆ ಹಾಕದೇ ಇದ್ದವರು, ಈಗ ನೋಡಿದ್ರೆ ಒಲೆ ಬಿಟ್ಟು ಕದಲಲ್ಲ. ಮುಂಚೇನೇ ಗೊತ್ತಿದ್ರೆ ನಾನೂ ಒಬ್ಬ ಮೇಷ್ಟ್ರನ್ನೇ ಹುಡುಕಿಕೊಳ್ತಿದ್ದೆ."

"ನಿನ್ನ ಬಾಯಿಗೆ ಮೇಷ್ಟ್ರು ಸಾಲಲ್ಲ, ಹೆಡ್‌ಮೇಷ್ಟ್ರೇ ಬೇಕಾಗಿತ್ತು."

ಅವಳು ನಕ್ಕು, ಕಟ್ಟೆಯ ಮೇಲೆ ಸಾಲಾಗಿ ಒಣಗಲು ಇಟ್ಟಿದ್ದ ಕಾಗದದ ಪಟ್ಟಿಗಳನ್ನು ನೋಡಿದಳು. ಇವೇನು ಭಾವ, ಟಿಕೆಟ್ಟೇ, ಎಂದು ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಅವನಿಗೆ ಉತ್ಸಾಹ ಬಂತು. ಹುಳಿ ಎಂದರೇನು, ಬಣ್ಣ ಯಾಕೆ ತಿರುಗುತ್ತದೆ, ಈ ಬಣ್ಣ ಬಂದಮೇಲೆ ಗಾಯಕ್ಕೆ ಹಾಕಿದರೂ ಉರಿಯುವುದಿಲ್ಲ ಎಂದು ಲ್ಯಾಬಿನಲ್ಲಿ ಹೇಳುವ ದನಿಯಲ್ಲೇ ಹೇಳಿದ. ಅವಳು ತಲೆಯಾಡಿಸುತ್ತ ಕೇಳಿ, ಅದೆಲ್ಲ ಸರಿ, ರುಚಿ ನೋಡಿದ್ರಾ, ಕಾಗದ ನೋಡಿ ಬಡಿಸ್ತೀರಾ, ಎಂದಳು. ಅವನು ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯಿಂದ ಒಂದು ದೊಡ್ಡ ಚಮಚ ತುಂಬ ಟೊಮೇಟೊ ಸಾಸು ಎತ್ತಿ, ಅವಳ ಕಡೆ ನೋಡುತ್ತಲೇ ಬಾಯಿಗೆ ಹಾಕಿಕೊಂಡ. ಮಂದವಾದದ್ದು ನೀರಿಗಿಂತ ಹೆಚ್ಚು ಹೊತ್ತು ಬಿಸಿ ಹಿಡಿಯುತ್ತದೆ, ಮೇಲೆ ಗುಳ್ಳೆ ನಿಂತಿದ್ದರೂ ತಳದಲ್ಲಿ ಕುದಿ ಹಾಗೇ ಇರುತ್ತದೆ ಎಂಬುದನ್ನು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುವವನು ಅವನೇ. ನಾಲಿಗೆಯ ಮೇಲೆ, ಅಂಗುಳಿಗೆ, ಕೆನ್ನೆಯ ಒಳಗೆ ಅದು ಕೆಂಡದಂತೆ ಅಂಟಿಕೊಂಡಿತು. ಉಗುಳಬಹುದಿತ್ತು, ಪಾತ್ರೆ ತೊಳೆಯುವ ತೊಟ್ಟಿ ಕೈಗೆಟುಕುವಷ್ಟು ಹತ್ತಿರವಿತ್ತು. ಆದರೆ ನಾದಿನಿ ನೋಡುತ್ತಿದ್ದಳು, ಈಗಷ್ಟೇ ಅವಳಿಗೆ ಅಷ್ಟು ಪಾಠ ಮಾಡಿದ್ದ. ನುಂಗಿದ. ಅದು ಇಳಿದ ದಾರಿಯೆಲ್ಲ ಅವನಿಗೆ ತಿಳಿಯಿತು. ಕಣ್ಣಲ್ಲಿ ನೀರು ತುಂಬಿಕೊಂಡು ರೆಪ್ಪೆ ತಾನಾಗಿ ಮುಚ್ಚಿತು.

"ಹೇಗಿದೆ ಭಾವ?"

"ಚೆನ್ನಾಗಿದೆ," ಎಂದ.

ಆ ಮಾತನ್ನು ಹೇಳಿದ ಮೇಲೆ ಅದರ ದನಿ ಕಿವಿಯಲ್ಲಿ ಉಳಿಯಿತು. ಎಲ್ಲೋ ಕೇಳಿದ ದನಿ ಎನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ.

ಊಟಕ್ಕೆ ಕೂತಾಗ ಪರದೆ ಎಳೆದಿದ್ದರು, ಫ್ಯಾನು ಬಿಸಿ ಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಐಸಿನ ತಟ್ಟೆಯಲ್ಲಿ ತಣ್ಣಗೆ ಮಾಡಿದ ಮೂರು ಬಟ್ಟಲು ಸಾಸು ಮೇಜಿನ ನಡುವೆ. ನಾದಿನಿ ಮೂರನ್ನೂ ಆಲೂಗಡ್ಡೆಯ ಮೇಲೆ ಸುರಿದುಕೊಂಡು, ಒಂದು ಹೋಟೆಲ್ ಹಾಕಿಬಿಡಿ ಭಾವ, ಗಲ್ಲಾದಲ್ಲಿ ನಾನು ಕೂತ್ಕೋತೀನಿ, ಚಿಲ್ಲರೆ ಕೇಳಿದವರನ್ನ ಓಡಿಸೋದು ನಂಗೆ ಬಿಡಿ, ಎಂದು ತಿನ್ನತೊಡಗಿದಳು. ಅವನು ಬ್ರೆಡ್ಡಿನ ತುಂಡನ್ನು ಪುದೀನದ ಸಾಸಿನಲ್ಲಿ ಅದ್ದಿ ಬಾಯಿಗಿಟ್ಟ. ನಾಲಿಗೆಯ ಮೇಲೆ ಬ್ಲೇಡು ಎಳೆದಂತಾಯಿತು. ತಣ್ಣಗಿದೆ, ಹುಳಿಯಿಲ್ಲ, ಪಟ್ಟಿ ಅದ್ದಿ ನೋಡಿದ್ದು ತಾನೇ, ಹಾಗಾದರೆ ಇದೇನು. ಟೊಮೇಟೊದ್ದೂ ಹಾಗೇ ಉರಿಯಿತು. ಮೊಸರಿನದನ್ನು ತೆಗೆದುಕೊಂಡ. ಮೊಸರು ಆರಿಸುತ್ತದೆಯೆಂದು ಕಾದ. ಮೊದಲ ಕ್ಷಣ ತಂಪು, ಅದರ ಹಿಂದೆಯೇ ಹಸಿ ಬೆಳ್ಳುಳ್ಳಿ, ಅದರ ಹಿಂದೆ ಉಪ್ಪು, ಸುಟ್ಟ ಜಾಗದೊಳಕ್ಕೆ ನಿಧಾನವಾಗಿ ಇಳಿಯುವ ಉಪ್ಪು. ಅವಳು ಎಲ್ಲಕ್ಕಿಂತ ಹೆಚ್ಚು ಚೆನ್ನಾಗಿದೆ ಎನ್ನುತ್ತಿದ್ದದ್ದು ಇದನ್ನೇ. ಅವನು ತಲೆಯೆತ್ತಿ ಎದುರಿಗೆ ನೋಡಿದ. ಹೆಂಡತಿ ಚಮಚವನ್ನು ಬಾಯಿಗೆ ಹಾಕಿಕೊಳ್ಳುವ ಮೊದಲು ಒಂದು ಗುಟುಕು ನೀರು ಕುಡಿದು ಅದನ್ನು ಬಾಯಿಯಲ್ಲೇ ಇಟ್ಟುಕೊಂಡಳು. ಆಮೇಲೆ ಚಮಚ. ಕಣ್ಣು ಮುಚ್ಚಿದಳು. ಎಡಗೈ ಮೇಜಿನ ಕೆಳಗಿತ್ತು. ಅವನು ಬಗ್ಗಿ ಕರವಸ್ತ್ರ ಎತ್ತಿಕೊಳ್ಳುವ ನೆಪದಲ್ಲಿ ನೋಡಿದ: ಆ ಕೈ ಅವಳದೇ ತೊಡೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಹಿಡಿದಿತ್ತು. ನುಂಗಿದ ಮೇಲೆ ಸಡಿಲವಾಯಿತು. ಮುಂದಿನ ತುತ್ತಿಗೆ ಮತ್ತೆ ಬಿಗಿಯಿತು. ಬಟ್ಟೆ ಆ ಜಾಗದಲ್ಲಿ ಹಳೆಯ ಸುಕ್ಕಿನ ಮೇಲೆ ಹೊಸ ಸುಕ್ಕು ಬಿದ್ದು ಮಾಸಿಹೋಗಿತ್ತು.

ಅವನು ನೆಟ್ಟಗೆ ಕೂತಾಗ ಅವಳು ಅವನನ್ನೇ ನೋಡುತ್ತಿದ್ದಳು, ಪ್ರಶ್ನೆಗೆ ಕಾಯುತ್ತಿರುವಂತೆ. ಅವನು ಕೇಳದೆ ಇದ್ದುದರಿಂದ ತಾನೇ, "ಚೆನ್ನಾಗಿದೆ," ಎಂದಳು. ಆಗ ಆ ದನಿ ಎಲ್ಲಿಯದೆಂದು ಅವನಿಗೆ ತಿಳಿಯಿತು. ಕಾಯಿಲೆಗೆ ಮುಂಚೆ ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಕಡ್ಡಿಯನ್ನು ಬಗ್ಗಿಸಿ ಸರಿಮಾಡಿ, ಕನ್ನಡಿಯನ್ನು ಅವರ ಕಡೆ ತಿರುಗಿಸುವುದು. ಒಂದು ಸಂಜೆ ಅವಳನ್ನು ಕರೆದುಕೊಂಡು ಬರಲು ಹೋದವನು ಬಾಗಿಲಲ್ಲಿ ನಿಂತು ನೋಡಿದ್ದ. ಚಪ್ಪಟೆ ಮುಖದ ಮುದುಕನೊಬ್ಬ ತನಗೆ ಒಂದಿಷ್ಟೂ ಒಪ್ಪದ ಕಪ್ಪು ದಪ್ಪ ಫ್ರೇಮು ಹಾಕಿಕೊಂಡು, ಮಗುವಿನಂತೆ ಅವಳ ಮುಖ ನೋಡಿ, ಹೇಗಿದೆಯಮ್ಮ, ಎಂದಿದ್ದ. ಅವಳು ಒಂದು ಕ್ಷಣವೂ ತಡೆಯದೆ, ಚೆನ್ನಾಗಿದೆ, ಎಂದಿದ್ದಳು. ಹೊರಗೆ ಬಂದ ಮೇಲೆ ಅವನು, ಯಾಕೆ ಸುಳ್ಳು ಹೇಳಿದೆ, ಎಂದು ಕೇಳಿದ್ದಕ್ಕೆ, ಆಸೆಪಟ್ಟು ಆರಿಸಿಕೊಂಡಿದ್ದಾರೆ, ಅವರ ಮುಖ ಸಣ್ಣ ಮಾಡಿ ನನಗೇನು ಬರಬೇಕು, ಎಂದಿದ್ದಳು. ಎರಡು ವಾರದಿಂದ ಅವನು ಆ ದಪ್ಪ ಫ್ರೇಮು ಹಾಕಿಕೊಂಡು ಅವಳ ಮುಂದೆ ನಿಂತಿದ್ದ.

ಮಧ್ಯಾಹ್ನ ಅಕ್ಕ ತಂಗಿ ಇಬ್ಬರೂ ನೆಲದ ಮೇಲೆ ಚಾಪೆ ಹಾಕಿಕೊಂಡು ಮಲಗಿದರು. ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಾಯಿಯಲ್ಲಿ ಐಸಿನ ಚೂರು ಇಟ್ಟುಕೊಂಡಿದ್ದ. ಕಟ್ಟೆಯ ಮೇಲೆ ಪಟ್ಟಿಗಳು ಒಣಗಿ ಮುದುರಿದ್ದವು. ಒಂದೊಂದೂ ಸರಿಯಾದ ಬಣ್ಣದಲ್ಲಿತ್ತು. ಕಾಗದ ಸುಳ್ಳು ಹೇಳಿರಲಿಲ್ಲ, ನಿಜ. ಹುಳಿ ಇದೆಯೇ ಎಂದು ಕೇಳಿದ್ದಕ್ಕೆ ಇಲ್ಲ ಎಂದಿತ್ತು. ಉಪ್ಪಿನ ವಿಷಯ ಅದನ್ನು ಯಾರೂ ಕೇಳಿರಲಿಲ್ಲ, ಕೇಳಿದ್ದರೂ ಹೇಳಲು ಅದಕ್ಕೆ ಬರುತ್ತಿರಲಿಲ್ಲ. ಒಂದು ಚಮಚ ಉಪ್ಪಿನ ನೀರಿಗೆ ಪಟ್ಟಿ ಅದ್ದಿದರೆ ಬಣ್ಣ ತಿರುಗುವುದಿಲ್ಲ ಎಂಬುದು ಮೊದಲ ವರ್ಷದ ಮಕ್ಕಳಿಗೂ ಗೊತ್ತು. ಹುಳಿಯನ್ನು ಕೊಂದು ಅದರ ಜಾಗಕ್ಕೆ ಉಪ್ಪು, ಮೆಣಸು, ಹಸಿ ಬೆಳ್ಳುಳ್ಳಿ ತುಂಬಿದವನು ತಾನೇ. ಯಾರ ರುಚಿಗೆ? ಪಥ್ಯದ ಹುಡುಗಿ ಖಾರ ಬೇಡ ಎಂದದ್ದನ್ನು ಮೆಣಸಿನಕಾಯಿಗೆ ಮಾತ್ರ ಅನ್ವಯಿಸಿಕೊಂಡವನೂ ತಾನೇ. ಅವರನ್ನೇ ಕೇಳಿ ಎಂದಿದ್ದಳು. ಕೇಳಿದ್ದೆ, ದಿನಕ್ಕೆರಡು ಹೊತ್ತು, ತುತ್ತಿಗೊಮ್ಮೆ ಕೇಳಿದ್ದೆ, ಎಂದು ಅವನು ಯಾರಿಗೋ ವಾದಿಸುವಂತೆ ಮನಸ್ಸಿನಲ್ಲೇ ಹೇಳಿಕೊಂಡ. ಸೌಟು ಪಾತ್ರೆಗೆ ತಾಗಿದ ಸದ್ದು ಕಿವಿಯಲ್ಲಿ ಕೇಳಿಸಿತು, ಅವಳು ಬೆಚ್ಚಿ ಚಮಚ ಎತ್ತಿಕೊಂಡದ್ದು ಕಾಣಿಸಿತು. ಐಸು ಕರಗಿ ಮುಗಿದೊಡನೆ ಉರಿ ಮರಳಿತು. ಒಂದೇ ಚಮಚಕ್ಕೆ ಇಷ್ಟು. ಅವನು ಇನ್ನೊಂದು ಚೂರು ಬಾಯಿಗೆ ಹಾಕಿಕೊಳ್ಳಲು ಕೈ ಚಾಚಿ, ಹಾಕಿಕೊಳ್ಳಲಿಲ್ಲ.

ಬಿಸಿಲು ಇಳಿದ ಮೇಲೆ ನಾದಿನಿ ಹೊರಟಳು. ಚಪ್ಪಲಿ ಹಾಕಿಕೊಳ್ಳುತ್ತ, ಅವಳ ಮಟ್ಟಿಗೆ ಮೆಲ್ಲಗೆ, "ಅಕ್ಕ ಇನ್ನೂ ಸೊರಗಿದ್ದಾಳೆ ಭಾವ. ನಾಳೆ ಏನಂತಾರೋ," ಎಂದಳು. ಅವನು ತಲೆಯಾಡಿಸಿದ. ಮಾತಾಡಿದರೆ ನಾಲಿಗೆ ತೊದಲುತ್ತದೆಂದು ಗೊತ್ತಿತ್ತು.

ಮೂರೂ ಬಟ್ಟಲನ್ನು ತೊಟ್ಟಿಗೆ ಸುರಿದು ನೀರು ಬಿಟ್ಟ. ಕೆಂಪು, ಹಸಿರು, ಬಿಳಿ ಒಂದರೊಳಗೊಂದು ಕಲೆತು ಹೆಸರಿಲ್ಲದ ಬಣ್ಣವಾಗಿ ಇಳಿದುಹೋಯಿತು. ಕಾಗದದ ಕಟ್ಟನ್ನು ನಾಳೆ ಲ್ಯಾಬಿಗೆ ಹಿಂತಿರುಗಿಸಲು ಜೇಬಿಗೆ ಹಾಕಿದ. ಆಮೇಲೆ ಒಂದು ಎಳೆ ಸೌತೆಕಾಯಿಯ ಸಿಪ್ಪೆ, ಬೀಜ ತೆಗೆದು ಬೇಯಲು ಇಟ್ಟ, ಜೊತೆಗೆ ಒಂದು ಆಲೂಗಡ್ಡೆ. ಬೆಂದದ್ದನ್ನು ಅರೆದು ಹಾಲಿನ ಕೆನೆ ಸೇರಿಸಿ, ತೆಳು ಬಟ್ಟೆಯಲ್ಲಿ ಹಾಕಿ ಹಿಂಡಿ ಸೋಸಿದ. ಐಸಿನ ಮೇಲೆ ಇಟ್ಟು ತಿರುಗಿಸುತ್ತ ಕಾದ. ಪೂರ್ತಿ ತಣ್ಣಗಾದ ಮೇಲೆ ನಾಲಿಗೆಯ ಸುಟ್ಟ ತುದಿಗೆ ಒಂದು ಹನಿ ಮುಟ್ಟಿಸಿದ. ಸ್ವಲ್ಪ ಚುರುಕ್ಕೆಂದಿತು. ಏನು ಎಂದು ಯೋಚಿಸಿದ. ಅಭ್ಯಾಸಬಲದಿಂದ ಬೆರಳಲ್ಲಿ ಉದುರಿಸಿದ್ದ ಎರಡು ಹರಳು ಉಪ್ಪು. ಅಷ್ಟನ್ನೂ ಚೆಲ್ಲಿ ಮತ್ತೆ ಮೊದಲಿನಿಂದ ಮಾಡಿದ. ಬೆನ್ನು ನೋಯುತ್ತಿತ್ತು, ಬೆವರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಎರಡನೇ ಸಲ ನಾಲಿಗೆಗೆ ಮುಟ್ಟಿಸಿದಾಗ ಏನೂ ಆಗಲಿಲ್ಲ. ರುಚಿಯೂ ಇರಲಿಲ್ಲ, ವಾಸನೆಯೂ ಇರಲಿಲ್ಲ, ಗೋಡೆಗೆ ಬಳಿಯುವ ಸುಣ್ಣಕ್ಕಿಂತ ಚೂರು ಗಟ್ಟಿ. ಇದನ್ನು ಬಡಿಸಲು ಅವನಿಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಸ್ವಲ್ಪ ಹೊತ್ತು ನಿಂತು ನೋಡಿ, ಬಟ್ಟಲು ಎತ್ತಿಕೊಂಡು ಹೋದ.

ಅವಳು ಕಿಟಕಿಯ ಬಳಿ ಕೂತಿದ್ದಳು. ಬ್ರೆಡ್ಡಿನ ಮೆತ್ತನೆಯ ಭಾಗವನ್ನು ಚೂರು ಮಾಡಿ ತಟ್ಟೆಯಲ್ಲಿಟ್ಟು ಮೇಲೆ ಬಿಳಿಯದನ್ನು ಸುರಿದ. ಈ ಸಲ ಎದುರಿಗೆ ನಿಲ್ಲಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ತಾನೂ ಬೀದಿಯ ಕಡೆ ನೋಡಿದ. ಎದುರು ಮನೆಯವನು ಪೈಪಿನಿಂದ ಬಿಸಿ ಅಂಗಳಕ್ಕೆ ನೀರು ಹಾಯಿಸುತ್ತಿದ್ದ. ಅವಳು ಎಂದಿನಂತೆ ನೀರು ಕುಡಿದು ಬಾಯಲ್ಲಿಟ್ಟುಕೊಂಡು ಚಮಚ ಎತ್ತಿದಳು. ಕಣ್ಣು ಮುಚ್ಚಿದಳು. ಅವನು ಅವಳ ಎಡಗೈಯನ್ನು ಕಡೆಗಣ್ಣಿನಿಂದ ನೋಡುತ್ತಿದ್ದ. ಕೈ ಬಿಗಿಯಿತು, ಕಾಯಿತು, ತಾನೇ ಮರೆತಂತೆ ಸಡಿಲವಾಯಿತು. ಅವಳು ಕಣ್ಣು ಬಿಟ್ಟು ತಟ್ಟೆ ನೋಡಿದಳು. ಎರಡನೇ ಚಮಚಕ್ಕೆ ನೀರು ಕುಡಿಯಲಿಲ್ಲ.

"ಯಾಕೆ ರೀ, ಇವತ್ತು ಕೇಳಲ್ವಾ?" ಎಂದಳು ಬಿರುಕು ಬಿಟ್ಟ ದನಿಯಲ್ಲಿ.

"ಬಾಯಿ ಸುಟ್ಟುಕೊಂಡಿದೀನಿ," ಎಂದ. ಸ ಅಕ್ಷರ ಸರಿಯಾಗಿ ಹೊರಡಲಿಲ್ಲ.

"ಯಾವಾಗ?"

"ಬೆಳಗ್ಗೆ. ನಿನ್ನ ತಂಗಿ ಮುಂದೆ."

ಅವಳು ತಟ್ಟೆ ಇಟ್ಟು ಎದ್ದು ಹೋಗಿ ಟಾರ್ಚು ತಂದಳು. ಆ ಮಾಡಿ, ಎಂದಳು. ಅವನು ಬಾಯಿ ತೆರೆದ. ಗಿರಾಕಿಯ ಮುಖವನ್ನು ಹಿಡಿಯುವಂತೆ ಅವಳ ಬೆರಳು ಅವನ ಗಲ್ಲವನ್ನು ಮೇಲೆತ್ತಿತು. ಬೆಳಕು ಒಳಗೆ ಅತ್ತಿತ್ತ ಓಡಾಡಿತು. "ಅಂಗುಳೆಲ್ಲ ಬೊಬ್ಬೆ ಬಂದಿದೆ," ಎಂದಳು. ಟಾರ್ಚು ಆರಿಸಲಿಲ್ಲ. "ಹೀಗಿಟ್ಕೊಂಡು ಮಧ್ಯಾಹ್ನ ಮೂರನ್ನೂ ತಿಂದ್ರಾ?"

ಅವನು ಬಾಯಿ ತೆರೆದುಕೊಂಡೇ ಹೂಂ ಎಂದ. ಟಾರ್ಚಿನ ಬೆಳಕಿನಾಚೆ ಅವಳ ಮುಖ ಕಾಣುತ್ತಿರಲಿಲ್ಲ. ಅದು ಆರಿದ ಮೇಲೂ ಸ್ವಲ್ಪ ಹೊತ್ತು ಕಾಣಲಿಲ್ಲ.

"ಹಾಗಾದ್ರೆ ನಿಮಗೂ ಗೊತ್ತಾಯ್ತು ಬಿಡಿ," ಎಂದು ಅವಳು ಕುರ್ಚಿಗೆ ಮರಳಿದಳು. "ರುಚಿ ಅಂತ ನಂಗೆ ಗೊತ್ತಾಗಿ ಎಷ್ಟೋ ದಿನ ಆಯ್ತು. ಉರಿ ಒಂದೇ ಗೊತ್ತಾಗ್ತಿತ್ತು."

"ಹೇಳಬಾರದಿತ್ತಾ?"

"ಹೇಗೆ ಹೇಳೋದು? ಸೌಟು ಹಿಡ್ಕೊಂಡು ಎದುರಿಗೇ ನಿಂತಿರ್ತಿದ್ರಿ."

ಎದುರು ಮನೆಯ ಅಂಗಳದಿಂದ ಹಸಿ ಮಣ್ಣಿನ ಬಿಸಿ ಆವಿ ಕಿಟಕಿಯವರೆಗೆ ಬಂತು. ಅವಳು ಇನ್ನೊಂದು ಚಮಚ ತಿಂದಳು, ಮತ್ತೊಂದು, ನಡುವೆ ಕಿಟಕಿಯ ಕಡೆ ನೋಡದೆ.

"ನಳಿಗೆ ಅಂದ್ರೆ ನಂಗೇನೂ ಭಯ ಇಲ್ಲ," ಎಂದಳು. "ನಾಳೆ ಹಾಕಬೇಕು ಅಂದ್ರೆ ಹಾಕಿಸ್ಕೋತೀನಿ. ನಿಮ್ಮ ಕೈಲಿ ಆಗಲಿಲ್ಲ ಅಂತ ನೀವು ಮುಖ ಸಣ್ಣ ಮಾಡ್ಕೋತೀರಲ್ಲ, ಅದನ್ನ ನೋಡಕ್ಕಾಗಲ್ಲ ಅಂತ ನುಂಗ್ತಿದ್ದೆ ಅಷ್ಟೆ. ಇನ್ನು ಆಗಲ್ಲ. ಸುಸ್ತಾಗಿದೆ."

"ಹಾಕಿಸೋಣ," ಎಂದ ಅವನು.

ಅವಳು ತಟ್ಟೆಯ ಮೂಲೆಯಲ್ಲಿ ಉಳಿದದ್ದನ್ನು ಚಮಚದಿಂದ ಕೆರೆದು ತಿಂದಳು. ಎಡಗೈ ತೊಡೆಯ ಮೇಲೆ, ಅಂಗೈ ಮೇಲಾಗಿ, ಬಿಡಿಸಿಕೊಂಡು ಬಿದ್ದಿತ್ತು.

"ಇದು ಚೆನ್ನಾಗಿಲ್ಲ," ಎಂದಳು. "ಲಕೋಟೆಗೆ ಹಚ್ಚೋ ಅಂಟಿನ ಥರ ಇದೆ."

"ಹೂಂ."

ಅವಳು ತಟ್ಟೆಯನ್ನು ಅವನ ಕಡೆ ಸರಿಸಿದಳು.

"ಇನ್ನೊಂಚೂರು ಹಾಕಿ."